ಮಣಿಕಟ್ಟಿನ ಕುಣಿಕೆ

"ಹಲೋ... ಯಾರು ಮಾತಾಡ್ತಿರೋದು? ... ಯಾರಪ್ಪಾ? ... ಓ, ನೀನಾ! ಇದ್ಯಾರ ನಂಬರೋ? ... ಶಾಲೆ ಜೀಪಿನ ಡ್ರೈವರಣ್ಣಂದಾ? ನಿನ್ನ ಫೋನಿಗೇನಾಯ್ತು? ... ನದಿಗೆ ಬಿತ್ತಾ? ಹೋದ ವಾರ ಹಗ್ಗ, ಈ ವಾರ ಫೋನು. ನದಿಗೆ ನಿನ್ನ ಮೇಲೆ ಅದೇನು ಮಮಕಾರವೋ! ... ಇದರ ಬ್ಯಾಟರೀನೂ ಸಾಯ್ತಿದೆಯಾ? ಹಾಗಾದ್ರೆ ಬೇಗ ಬೊಗಳು."

ಕಯಾಕ್ ದೋಣಿ ಶಾಲೆಯ ಸಾಮಾನು ಕೋಣೆಯಲ್ಲಿ ಅಕ್ಕ ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ಕಾಲು ಉಳುಕದಿದ್ದರೆ, ಮಗುಚಿದವರಿಗೆ ದಡದಿಂದ ಹಗ್ಗ ಎಸೆಯಲು ಇವತ್ತು ಅವಳೇ ನಿಲ್ಲಬೇಕಿತ್ತು. ಈಗ ಆ ಕೆಲಸ ತಮ್ಮನ ಪಾಲಿಗೆ ಬಂದಿತ್ತು. ಪಟ್ಟಿ ಬಿದ್ದಿದ್ದು ಅವಳ ಕಾಲಿಗೇ ಹೊರತು ನಾಲಿಗೆಗಲ್ಲ.

"ಕೆಳಗಡೆ ಕಯಾಕ್‌ನಲ್ಲಿ ಮೇಷ್ಟ್ರು ಕಾಯ್ತಿದ್ದಾರೆ ತಾನೇ? ... ಸರಿ. ಮೊದಲು ಯಾರು ಇಳೀತಿರೋದು? ... ನಿನ್ನ ಹೆಂಡ್ತೀನಾ? ಪಾಪ, ನಿನ್ನನ್ನ ನಂಬ್ಕೊಂಡು!"

"... ಹಗ್ಗ ಚೀಲಕ್ಕೆ ಹೇಗೆ ತುಂಬಿದ್ದೀಯ? ... ಸುರುಳಿ ಸುತ್ತಿ, ಅಚ್ಚುಕಟ್ಟಾಗಿ? ಅಯ್ಯೋ ಜಾಣ, ಅದನ್ನೇನು ಅಂಗಡೀಲಿ ಮಾರೋಕಿಡ್ತೀಯಾ? ಎಸೆದಾಗ ಸಿಕ್ಕಾಗತ್ತೆ ಕಣೋ. ಎಲ್ಲಾ ತೆಗೆದು, ಹೇಗೆ ಬೇಕೋ ಹಾಗೆ ತುರುಕು, ಆಗ ಸರಸರ ಬಿಚ್ಕೊಳ್ಳತ್ತೆ. ... ಹೂಂ, ನಿನ್ನ ಬಟ್ಟೆ ಬೀರು ಥರಾನೇ. ನಿನಗೆ ಬರೋ ಕೆಲಸ ಒಂದು ಸಿಕ್ತು ನೋಡು."

"... ಈ ಸಲ ಜಾರಲ್ಲ ಅಂದ್ರೆ? ... ಏನು ಉಪಾಯ? ... ತುದೀಲಿ ಕುಣಿಕೆ ಹಾಕಿ? ... ಮಣಿಕಟ್ಟಿಗೆ? ... ಈಗಲೂ ಹಾಕ್ಕೊಂಡೇ ನಿಂತಿದ್ದೀಯಾ?"

ಅಕ್ಕನ ಕಾಲು ಸ್ಟೂಲಿನಿಂದ ಕೆಳಗಿಳಿಯಿತು.

"ಭೇಷ್! ಮುಳುಗೋಕೆ ಒಬ್ಬರು ಸಾಲಲ್ಲ ಅಂತ ನೀನೂ ಟಿಕೆಟ್ ತಗೊಂಡೆಯಾ? ಅಲ್ವೋ, ಆ ತುದೀಲಿ ಒಬ್ಬ ಮನುಷ್ಯನ ಭಾರ, ಜೊತೆಗೆ ಇಡೀ ನದಿ ಎಳೀತಿರತ್ತೆ. ತಡ್ಕೊಳ್ಳೋಕಾಗದಿದ್ರೆ ಹಗ್ಗ ಬಿಡಬೇಕು. ಕುಣಿಕೆ ಹಾಕ್ಕೊಂಡು ಏನನ್ನ ಬಿಡ್ತೀಯ, ಪ್ರಾಣಾನಾ?"

"... ನಾನಾ? ನಾನೇನಂದೆ? ... ಎಲ್ಲರ ಮುಂದೆ?"

ಅಂದಿದ್ದಳು. ಹೋದ ವಾರ ಅಭ್ಯಾಸದಲ್ಲಿ ಹಗ್ಗ ಅವನ ಕೈಯಿಂದ ಜಾರಿ ಹೋದಾಗ, ಹಗ್ಗ ಹಿಡಿಯೋಕೆ ಬಾರದವನು ಹೆಂಡ್ತಿ ಕೈ ಹೇಗೆ ಹಿಡಿದನೋ ಎಂದು ಇಡೀ ಶಾಲೆಯನ್ನು ನಗಿಸಿದ್ದಳು. ಮಿಕ್ಕವರು ನಕ್ಕು ಮರೆತರು. ತಮ್ಮನೋ ಕುಣಿಕೆ ಕಟ್ಟಿಕೊಂಡ.

"ಆ ಜಗಳ ಆಮೇಲೆ ಆಡೋಣ, ಮೊದಲು ಬಿಚ್ಚು. ... ನೆನೆದು ಬಿಗಿದಿದೆಯಾ? ಚಾಕು ತೆಗಿ. ... ಊಟದ ಬುಟ್ಟೀಲಿ? ಹಣ್ಣು ಹೆಚ್ಚೋಕೆ? ಶಭಾಷ್! ಓಡು, ತಗೊಂಡು ಕತ್ತರಿಸು. ... ಹೊಸ ಹಗ್ಗ ಅಂತ ನಂಗೂ ಗೊತ್ತು, ಕತ್ತರಿಸೋ! ... ಅವಳಿನ್ನೂ ಇಳಿದಿಲ್ಲ ತಾನೇ? ... ಇಳಿದಾಯ್ತಾ?"

"... ಕುಣಿಕೆ ಹೋಯ್ತಾ? ... ಅಬ್ಬಾ. ... ಏನದು ಕೂಗು? ... ಮಗುಚಿದಳಾ? ... ಹಲೋ? ಹಲೋ?"

"... ಡ್ರೈವರಣ್ಣಾ, ನೀವಾ? ಅವನೆಲ್ಲಿ? ... ಎಸೆದ್ನಾ? ... ಹಿಡ್ಕೊಂಡಳಾ? ... ಅವನಿಗೆ ಕೂತ್ಕೊಳ್ಳೋಕೆ ಹೇಳಿ, ಕಾಲು ಬಂಡೆಗೆ ಕೊಟ್ಟು! ... ಜಾರ್ತಿದ್ದಾನಾ? ಎಷ್ಟು ನೀರಿಗೆ? ... ಸೊಂಟದವರೆಗೂ? ಹಗ್ಗ ಬಿಡು ಅಂತ ಕೂಗಿ ಅಣ್ಣಾ! ಬಿಟ್ಟುಬಿಡು ಅನ್ನಿ! ಅವಳನ್ನ ಮೇಷ್ಟ್ರು ಹಿಡೀತಾರೆ!"

"... ಬಿಟ್ನಾ? ... ಅವಳು? ... ಮೇಷ್ಟ್ರ ಕಯಾಕ್ ಹಿಡ್ಕೊಂಡು? ... ಇಬ್ಬರೂ ದಡಕ್ಕೆ ಬಂದ್ರಾ? ... ಇನ್ನೊಂದು ಸಲ ಹೇಳಿ ಅಣ್ಣಾ."

ಅಕ್ಕ ಗೋಡೆಗೊರಗಿದಳು. ಒಂಟಿ ಕಾಲಲ್ಲಿ ಯಾವಾಗ ಎದ್ದು ನಿಂತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ಹಾಂ, ಕೊಡಿ ಅವನಿಗೆ. ... ಅಳ್ತಿದ್ದೀಯಾ? ... ಹಗ್ಗ ಹೋಯ್ತು ಅಂತಾನಾ? ಚೀಲ ಸಮೇತ? ... ಹೋಗ್ಲಿ ಬಿಡೋ. ... ಇಲ್ಲ, ನಗಲ್ಲ. ... ನಿನ್ನಾಣೆ, ನಗಲ್ಲ."

"ನೋಡು, ಇದನ್ನ ಒಂದೇ ಒಂದು ಸಲ ಹೇಳ್ತೀನಿ, ಕಿವಿಗೊಟ್ಟು ಕೇಳು. ನಂಗೆ ಜೀವ ಬಾಯಿಗೆ ಬಂದಿತ್ತು ಕಣೋ. ನೀನು ಬಿಟ್ಟೆಯಲ್ಲ, ಅದಕ್ಕೇ ನನಗೊಬ್ಬ ತಮ್ಮ ಉಳಿದ. ಆ ದಡದಲ್ಲಿ ನಿಲ್ಲೋಕೆ ನಿನಗಿಂತ... ಹಲೋ? ... ಕೇಳಿಸ್ತೇನೋ? ... ಹಲೋ?"

ಡ್ರೈವರಣ್ಣನ ಫೋನು ಅಷ್ಟರಲ್ಲಿ ಸತ್ತಿತ್ತು.