ನಲ್ಲಿ ಮುಚ್ಚಿದ ದಫೇದಾರ

ದೀಪ ಸ್ವಲ್ಪ ಸಣ್ಣ ಮಾಡಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಬಾಯಿ ಒಣಗುತ್ತದೆ. ಹೆದರಿಕೆ ಕಪ್ಪೋ ಬಿಳುಪೋ ನಾನು ಕಂಡವನಲ್ಲ. ಆದರೂ ಇದನ್ನು ಹೇಳುವಾಗ ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ. ನನ್ನ ಷಡ್ಡಕ ಪೊಲೀಸು ದಫೇದಾರನಿಗೆ ಆದದ್ದು ಇದು. ಒಂದೆಳೆ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ.

ಆವತ್ತು ರಾತ್ರಿ ಪಾಳಿ ಮುಗಿಸಿ ದಫೇದಾರ ಹಾಳುಬಾವಿಯ ದಾರಿ ಹಿಡಿದು ಮನೆಗೆ ನಡೆದಿದ್ದ. ಬಾವಿಗೆ ಎದುರಾಗಿ ಆ ಬೀಗ ಹಾಕಿದ ಮನೆ. ಒಳಗಿಂದ ಸದ್ದು... ತೊಟ್... ತೊಟ್... ಬಿಂದಿಗೆಯ ತಳಕ್ಕೆ ಹನಿ ಬೀಳುವ ಸದ್ದು.

ದಫೇದಾರ ಅಲ್ಲೇ ನಿಂತ. ಆ ಮನೆಯಲ್ಲಿ ನಲ್ಲಿಯೇ ಇರಲಿಲ್ಲ. ವರ್ಷದ ಹಿಂದೆ ಅದನ್ನು ಬಿಚ್ಚಿ ಸಾಕ್ಷಿಗೆಂದು ಒಯ್ದವನೇ ಅವನು.

ನಮ್ಮ ದಫೇದಾರ ಸಾಮಾನ್ಯದವನಲ್ಲ. ಕೊಲೆಯಾದ ಜಾಗಕ್ಕೆ ಅವನು ಹಗ್ಗ ಕಟ್ಟಿದನೆಂದರೆ ಇರುವೆಯೂ ಅಪ್ಪಣೆ ಕೇಳಿ ಒಳಗೆ ಹೋಗಬೇಕು. ಮೇಲೆ ಕಾಗೆ ಹಾರಿದರೂ ಹೊತ್ತು ಬರೆದಿಡುತ್ತಿದ್ದ. ಅಂಥವನು ಆ ಮನೆಯಲ್ಲಿ ಎಡವಿದ.

ಸತ್ತವಳು ಬಟ್ಟೆ ಹೊಲಿಯುವ ಹುಡುಗಿ. ಮೊದಲು ನೋಡಿದ್ದು ತಾಯಿ. ದಫೇದಾರ ಹೋದಾಗ ಆಕೆ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂದಲು ನೇವರಿಸುತ್ತ ಕೂತಿದ್ದಳು. ಮೆಲ್ಲಗೆ ಎಬ್ಬಿಸಿ ಹೊರಗೆ ಕೂರಿಸಿದ. ಬಾಗಿಲಿಗೆ ಹಗ್ಗ ಕಟ್ಟಿದ. ಬಚ್ಚಲಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಅವನ ಮನೆಯಲ್ಲಿ ಒಂದು ಹನಿ ಪೋಲಾದರೂ ಹೆಂಡತಿ ಬೀದಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ಕೈ ತಾನಾಗಿಯೇ ಹೋಯಿತು... ಮುಚ್ಚಿಬಿಟ್ಟ.

ಆಮೇಲೆ ಬೆರಳಚ್ಚಿನವನು ಬಂದ. ನಲ್ಲಿಯ ಮೇಲೆ ಪುಡಿ ಸವರಿ ಬಹಳ ಹೊತ್ತು ನೋಡಿದ. ಕೊಂದವನು ಎಲ್ಲವನ್ನೂ ಒರೆಸಿದ್ದಾನೆ, ಕೈ ತೊಳೆಯಲು ತಿರುಗಿಸಿದ ಇದೊಂದನ್ನು ಮರೆತಿದ್ದಾನೆ ಅಂದ. ಆಮೇಲೆ ದನಿ ತಗ್ಗಿಸಿದ.

"ಲೋಕವನ್ನೆಲ್ಲ ಹಗ್ಗದ ಆಚೆ ನಿಲ್ಲಿಸಿದಿರಿ ದಫೇದಾರರೇ, ನಿಮ್ಮ ಹೆಬ್ಬೆರಳೊಂದನ್ನು ಬಿಟ್ಟು."

ಆ ಹೆಬ್ಬೆರಳ ಗುರುತಿನ ಕೆಳಗೆ ಕೊಂದವನ ಬೆರಳಿನ ಅಂಚಷ್ಟೇ ಉಳಿದಿತ್ತು. ಹಳೇ ಸ್ನೇಹ ನೋಡಿ... ವರದಿಯಲ್ಲಿ ಬೆರಳಚ್ಚಿನವನು 'ಗುರುತು ಕಲಸಿದೆ' ಎಂದಷ್ಟೇ ಬರೆದ, ಯಾರ ಕೈಯಿಂದ ಎಂದು ಬರೆಯಲಿಲ್ಲ.

ಆ ಮನೆಗೆ ಕಾಲೇ ಇಟ್ಟಿಲ್ಲ ಎಂದ ಆರೋಪಿಯನ್ನು ಕೋರ್ಟು ಬಿಟ್ಟುಬಿಟ್ಟಿತು. ತಾಯಿಯೇ ಮುಟ್ಟಬಾರದ್ದನ್ನೆಲ್ಲ ಮುಟ್ಟಿ ಗುರುತು ಕೆಡಿಸಿದಳು ಎಂದು ಅವನ ವಕೀಲ ಬೆರಳು ತೋರಿಸಿದ. ಊರೂ ಅದನ್ನೇ ಅಂದಿತು. ದಫೇದಾರ ಅಲ್ಲೇ ನಿಂತಿದ್ದ... ತುಟಿ ಬಿಚ್ಚಲಿಲ್ಲ. ತಾಯಿ ಮನೆಗೆ ಬೀಗ ಜಡಿದು ಪಕ್ಕದ ಬೀದಿಯ ತಮ್ಮನ ಮನೆ ಸೇರಿದಳು. ಅಂದಿನಿಂದ ಎರಡು ಕೈಯನ್ನೂ ಶಾಲಿನಲ್ಲಿ ಸುತ್ತಿಕೊಂಡೇ ಇರುತ್ತಿದ್ದಳು. ಯಾರ ಮಗುವನ್ನೂ ಮುಟ್ಟುತ್ತಿರಲಿಲ್ಲ.

ತೊಟ್... ತೊಟ್...

ದಫೇದಾರ ಕಿಟಕಿಯ ಹತ್ತಿರ ಹೋದ. ಒಳಗೆ ಹೊಲಿಗೆ ಯಂತ್ರದ ಟಕಟಕಟಕ... ತಟ್ಟನೆ ನಿಂತಿತು. ಪಿಸುದನಿ ಬಂತು.

"ಮಾಮಾ... ನಲ್ಲಿ ಮುಚ್ಚಿದ್ದು ಯಾರು?"

"ನಾನೇ ಮಗಳೇ."

"ಅಮ್ಮನಿಗೆ ಹೇಳಿ... ಅಷ್ಟೇ."

ನಿಂತ ಕಾಲಲ್ಲೇ ಹೋಗಿ ತಾಯಿಯ ಬಾಗಿಲು ತಟ್ಟಿದ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋಯಿತು ಕೂಡ. ಟೋಪಿ ಕೈಯಲ್ಲಿ ಹಿಡಿದು ಎಲ್ಲ ಹೇಳಿದ. ಕಪಾಳಕ್ಕೆ ಬೀಳಲಿ ಎಂದು ಮುಖ ಮುಂದೆ ಮಾಡಿ ನಿಂತ. ಆಕೆ ಬಯ್ಯಲಿಲ್ಲ. ಶಾಲಿನಿಂದ ಕೈ ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಹಾಗಾದರೆ... ನಾನು ಅವಳ ತಲೆ ನೇವರಿಸಿದ್ದು ತಪ್ಪಲ್ಲವಾ, ಅಣ್ಣಾ?"

ಆರಡಿ ಆಳು, ಹೊಸ್ತಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಬೆಳಗ್ಗೆ ಬೀಗ ತೆಗೆದರು. ನಾನೂ ಹೋಗಿದ್ದೆ. ನಲ್ಲಿ ಬಿಚ್ಚಿದ ಕೊಳವೆಯ ಬಾಯಿಗೆ ಜಡಿದ ಮರದ ಬಿರಡೆ ಹಾಗೇ ಇತ್ತು, ಅದರ ಮೇಲೆ ಜೇಡರ ಬಲೆ. ಕೆಳಗಿನ ಬಿಂದಿಗೆ... ಕಂಠಮಟ್ಟ ತುಂಬಿತ್ತು. ತಾಯಿ ಅದರಲ್ಲಿ ಎರಡು ಕೈಯನ್ನೂ ಅದ್ದಿ ನಿಂತಳು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನೂ ಬೆರಳಿಟ್ಟು ನೋಡಿದವನೇ.

ನೀರು ಬೆಚ್ಚಗಿತ್ತು.