ನೆತ್ತಿ ಮುಚ್ಚದ ಕುಲಾಯಿ

ರೋಣದ ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕೂಸುಗಳ ಉಣ್ಣೆಯ ಕುಲಾಯಿ ಹೆಣೆದು ಮಾರುವ ಶಾಂಭವಿ ಇದ್ದಳು. ಮೊಮ್ಮಗುವಿಗೆಂದು ಒಂದು ಹೇಳಿ ಹೋಗಿದ್ದ ಫಕೀರವ್ವ ಬಂದಳು.

“ಮಗಳು ಹಡದ್ಲೇನಬೇ? ಗಂಡಂತ ಪೇಢೇನೋ, ಹೆಣ್ಣಂತ ಜಿಲೇಬೀನೋ? ಬರಿಗೈಲೆ ಬಂದ್ರ ಕುಲಾಯಿ ಕೊಡಂಗಿಲ್ಲ ನೋಡು!”

“ಹಡದ್ಲು ತಂಗಿ. ಕೂಸು ಅಳಲೇ ಇಲ್ಲ.”

ಶಾಂಭವಿಯ ಸೂಜಿಗಳು ನಿಂತವು.

“ಶಿವನೇ... ಇದರ ನೆತ್ತಿ ನಾ ಇನ್ನೂ ಮುಚ್ಚಿಲ್ಲಬೇ. ಕೂಸು ಅತ್ತ ಸುದ್ದಿ ಬರೂತನಕ ಯಾರದೂ ಮುಚ್ಚಂಗಿಲ್ಲ.”

“ಗೊತ್ತೈತಿ. ಅದಕ್ಕ ಬಂದೀನಿ.”

“ಬಿಚ್ಚಿಬಿಡ್ತೀನಿ ತಗೋ.”

“ಬಿಚ್ಚಬ್ಯಾಡ. ಮುಚ್ಚಿ ಕೊಡು.”

“ಯಾರಿಗಬೇ?”

“ಮಗಳು ಕೇಳ್ಯಾಳ. ‘ನನ್ನ ಕೂಸಿಂದು ಇದೊಂದರೇ ಪೂರಾ ಆಗ್ಲಿ’ ಅಂತಾಳ.”

ಶಾಂಭವಿ ಮತ್ತೆ ಸೂಜಿ ಎತ್ತಿ ಹೆಣೆದಳು. ಉಳಿದ ಕುಣಿಕೆಗಳಲ್ಲಿ ನೂಲು ಪೋಣಿಸಿ ಎಳೆದಾಗ ನೆತ್ತಿ ಮುಚ್ಚಿಕೊಂಡಿತು. ಅಳತೆ ನೋಡಲು ವಾಡಿಕೆಯಂತೆ ತನ್ನ ಮುಷ್ಟಿಗೆ ತೊಡಿಸಿದಳು. ಇಬ್ಬರೂ ಆ ಮುಷ್ಟಿಯನ್ನೇ ನೋಡಿದರು.

ಗಜೇಂದ್ರಗಡದ ಬಸ್ಸು ಬಂತು.

“ಥಂಡಿ ಗಾಳಿ ಐತಿಬೇ, ಸೆರಗಿನಾಗ ಇಟ್ಕೋ.”

“ಹೂಂ ತಂಗಿ.”

ಫಕೀರವ್ವ ಅದನ್ನು ಸೆರಗಿನಲ್ಲಿ ಮುಚ್ಚಿ, ಎದೆಗೊತ್ತಿ ಹಿಡಿದು, ನಿಧಾನವಾಗಿ ಬಸ್ಸು ಹತ್ತಿದಳು.