ಒಂದು ಹಿಡಿ ಗ್ವಾಸ್ಕಾ ಸೊಪ್ಪು

“ನಾನು ನಮ್ಮೂರಿನ ಅಹಿಯಾಕೋ ಸಾರು ಕುದಿಸಿದ್ರೆ ಹ್ಯಾಂಬರ್ಗ್ ಬಂದರಿನ ಹಡಗುಗಳೆಲ್ಲ ದಾರಿ ಬಿಟ್ಟು ನನ್ನ ಅಡುಗೆಮನೆ ಕಡೆ ತಿರುಗ್ತಿದ್ವು ಅಕ್ಕಾ!”

ಬೊಗೊಟಾದ ಮಾರುಕಟ್ಟೆಯಲ್ಲಿ ಭಾನುವಾರ ಸೊಪ್ಪಿನಂಗಡಿ ಮುಂದಿನ ಜನರ ಸಾಲು ಬೆಟ್ಟದ ತುದಿ ಮುಟ್ಟಿತ್ತು. ಬಹುಕಾಲ ಪರದೇಶದಲ್ಲಿದ್ದು ಮೊನ್ನೆಯಷ್ಟೇ ಮರಳಿದ್ದ ಓಡಿಲಿಯಾ, ಮುಂದೆ ನಿಂತಿದ್ದ ಗುರುತಿಲ್ಲದ ಹಿರಿಯಳಿಗೆ ಬಿಡುವಿಲ್ಲದೆ ಹೇಳುತ್ತಿದ್ದಳು.

“ಹಡಗು ಹಾಗಿರ್ಲಿ, ಜನ ಬರ್ತಿದ್ರಾ?”

“ಅಯ್ಯೋ, ಆಲೂಗಡ್ಡೆ ಸುಲಿಯೋಕೇ ಅರ್ಧ ಬೀದಿ ಬರ್ತಿತ್ತು! ಕೋಳಿ, ಜೋಳದ ತೆನೆ, ಕೆನೆ ಬಡಿಸಿ ಬಡಿಸಿ ನನ್ನ ಕೈ ಬಿದ್ದೋಗ್ತಿತ್ತು.”

“ಗ್ವಾಸ್ಕಾ ಸೊಪ್ಪಿಲ್ದೆ ಅದು ಬರೀ ಆಲೂಗಡ್ಡೆ ಸಾರು ಕಣೇ. ಅಲ್ಲೆಲ್ಲಿ ಸಿಕ್ತು?”

“ಪಾರ್ಕಿನ ಬೇಲೀಲಿ ಕಳೆ ಥರ ಬೆಳೀತಿತ್ತು. ಕಿತ್ಕೊಂಡು ಬರ್ತಿದ್ದೆ.”

“ಜಾಣೆ! ಇವತ್ತು ಎಷ್ಟು ಜನಕ್ಕೆ?”

“ಮನೆ ತುಂಬ ಜನ! ಬಾಗಿಲು ಹಾಕೋಕೂ ಜಾಗ ಇರಲ್ಲ.”

ಹಿರಿಯಳು ಕೊಂಡಾದ ಮೇಲೆ ಇವಳ ಸರದಿ ಬಂತು. ಓಡಿಲಿಯಾ ಮೆಲ್ಲಗೆ ಎಲ್ಲಕ್ಕಿಂತ ಪುಟ್ಟ ಕಟ್ಟನ್ನು ಎತ್ತಿಕೊಂಡಳು.

ಹಿರಿಯಳು ನಕ್ಕಳು. “ಇದು ಒಂದು ಬಟ್ಟಲಿಗೆ ಸಾಕು. ಉಳಿದವರೆಲ್ಲ ವಾಸನೆ ಕುಡಿದು ಹೋಗ್ತಾರಾ?”

ಓಡಿಲಿಯಾ ನಗಲಿಲ್ಲ.

“ಯಾರೂ ಬರಲ್ಲ ಅಕ್ಕಾ. ಅಲ್ಲೂ ಯಾರೂ ಬರ್ತಿರ್ಲಿಲ್ಲ. ಅಲ್ಲಾದ್ರೆ, ಇದು ನಮ್ಮೂರಲ್ಲವಲ್ಲ ಅಂದ್ಕೊಂಡು ಒಬ್ಳೇ ಉಣ್ತಿದ್ದೆ. ಇಲ್ಲಿ ಏನಂತ ಅಂದ್ಕೊಳ್ಳಲಿ?”